ಸುಡೊಕುವಿನಲ್ಲಿ ಸಿಕ್ಕಿದ ಮೀನು

ಪತ್ರಿಕೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ಬಂಟ್ವಾಳದ ನನ್ನ ಮನೆಗೆ ಬಂದರೆ ಮೊದಲು ಕೇಳುವುದು ನೆರೆಯ ಸುದ್ದಿಯನ್ನೋ ಚುನಾವಣೆಯ ಸುದ್ದಿಯನ್ನೋ. ನೇತ್ರಾವತಿ ಉಕ್ಕಿ ಪೇಟೆಗೆ ನೀರು ಬಂದಾಗ ನೀವು ಎಲ್ಲಿದ್ದಿರಿ ಎನ್ನುತ್ತಾರೆ. ನಾನು ಕಚೇರಿಯ ಮೇಜಿನ ಮುಂದೆ ಕೂತು, ಸಿಂಹ ರಾಶಿಯವರಿಗೆ ಈ ವಾರ ಜಲಭಯವಿಲ್ಲ ಎಂದು ಬರೆಯುತ್ತಿದ್ದೆ. ಜ್ಯೋತಿಷಿಗಳ ಬರಹ ಅದೇ ನೀರಿನಲ್ಲಿ ಸಿಕ್ಕಿಕೊಂಡು ನಮಗೆ ತಲುಪಿರಲಿಲ್ಲ.

ನನ್ನ ವೃತ್ತಿ ಅಂಥದ್ದು. ತೊಂಬತ್ತರ ದಶಕದ ಆರಂಭದಲ್ಲಿ ಬಿ.ಸಿ. ರೋಡಿನ ಒಂದು ಸಣ್ಣ ದಿನಪತ್ರಿಕೆಗೆ ಸೇರಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಊರುಗಳಾಚೆ ನಮ್ಮನ್ನು ಓದುವವರು ಇರಲಿಲ್ಲ. ನನ್ನ ಪಾಲಿಗೆ ಬಂದದ್ದು ನಾಲ್ಕನೇ ಪುಟ. ರಾಶಿಫಲ, ಬಸ್ಸಿನ ಸಮಯ, ಪದಬಂಧ, ಅಡಿಕೆಯ ಧಾರಣೆ. ಮೊದಲ ಪುಟದವರು ತಪ್ಪು ಮಾಡಿದರೆ ಮಂತ್ರಿಗಳು ಸಿಟ್ಟಾಗುತ್ತಾರೆ, ಮರುದಿನ ಮರೆಯುತ್ತಾರೆ. ನಾಲ್ಕನೇ ಪುಟದಲ್ಲಿ ತಪ್ಪಾದರೆ ಓದುಗ ಛತ್ರಿ ಹಿಡಿದುಕೊಂಡು ಕಚೇರಿಗೇ ಬರುತ್ತಾನೆ. ಇದನ್ನು ಹೊಸಬರು ಮೊದಲೇ ತಿಳಿದುಕೊಂಡರೆ ಒಳ್ಳೆಯದು.

ಸುಡೊಕು ನಮ್ಮಲ್ಲಿಗೆ ಬಂದದ್ದು ಎರಡು ಸಾವಿರದ ಐದೋ ಆರೋ ಇರಬೇಕು. ಸಂಪಾದಕರಾದ ಕಾಮತರು ಒಂದು ದಿನ ಮಂಗಳೂರಿನಿಂದ ಬಸ್ಸಿನಲ್ಲಿ ಬಂದವರೇ ನೇರ ನನ್ನ ಮೇಜಿಗೆ ಬಂದರು.

"ಹಸನಬ್ಬ, ಬಸ್ಸಿಡೀ ಜನ ತಲೆ ತಗ್ಗಿಸಿ ಕೂತಿದ್ದಾರೆ ಮಾರಾಯ. ಚಿಲ್ಲರೆಗೆ ಒಬ್ಬನೂ ಜಗಳ ಮಾಡ್ಲಿಲ್ಲ. ಎಂತ ಅಂತ ನೋಡಿದ್ರೆ ಇಂಗ್ಲಿಷ್ ಪೇಪರಿನಲ್ಲಿ ಅಂಕಿಯ ಚೌಕ. ನಮಗೂ ಅದು ಬೇಕು. ನಾಳೆಯಿಂದ."

ಆಟ ನಿಮಗೆಲ್ಲ ಗೊತ್ತಿರುವುದೇ. ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಒಂಬತ್ತು ಮನೆ. ಪ್ರತಿ ಸಾಲಿನಲ್ಲೂ ಪ್ರತಿ ಸಣ್ಣ ಚೌಕದಲ್ಲೂ ಒಂದರಿಂದ ಒಂಬತ್ತರವರೆಗಿನ ಅಂಕಿ ಒಂದೊಂದೇ ಸಲ ಬರಬೇಕು. ಈಗ ಕಂಪ್ಯೂಟರಿನ ಗುಂಡಿ ಒತ್ತಿದರೆ ಚೌಕ ಬೀಳುತ್ತದೆ, ಜೊತೆಗೆ ಸುಲಭ, ಮಧ್ಯಮ, ಕಠಿಣ ಎಂಬ ಹಣೆಪಟ್ಟಿಯೂ ಬೀಳುತ್ತದೆ. ನಾನು ಪೂರ್ತಿ ತುಂಬಿದ ಚೌಕ ಬರೆದುಕೊಂಡು, ರಬ್ಬರಿನಿಂದ ಒಂದೊಂದೇ ಅಂಕಿ ಅಳಿಸುತ್ತಾ, ಉತ್ತರ ಇನ್ನೂ ಒಂದೇ ಉಳಿದಿದೆಯೇ ಎಂದು ಪ್ರತಿ ಸಲ ಪರೀಕ್ಷಿಸುತ್ತಾ ಮಾಡುತ್ತಿದ್ದೆ. ಹಣೆಪಟ್ಟಿ ಮಾತ್ರ ಕಾಮತರು ಹಚ್ಚುತ್ತಿದ್ದರು. ಅವರದು ಒಂದೇ ಲೆಕ್ಕ. ಚೌಕದಲ್ಲಿ ಅಂಕಿ ಜಾಸ್ತಿ ಕಂಡರೆ ಸುಲಭ, ಕಡಿಮೆ ಕಂಡರೆ ಕಠಿಣ.

"ಊಟಕ್ಕೆ ಕೂತಾಗ ಎಲೆ ತುಂಬ ಬಡಿಸಿದ್ರೆ ಹೊಟ್ಟೆ ಬೇಗ ತುಂಬ್ತದಲ್ಲ, ಹಾಗೆ" ಎಂದರು.

ಅದು ಹಾಗಲ್ಲ. ಅಂಕಿ ಧಾರಾಳವಾಗಿದ್ದರೂ ಮುಂದಿನ ಹೆಜ್ಜೆ ಕಾಣದೆ ಕೂರಿಸುವ ಚೌಕಗಳಿವೆ. ಎಷ್ಟು ಅಂಕಿ ಕೊಟ್ಟಿದ್ದೇವೆ ಎನ್ನುವುದಲ್ಲ, ಬಿಡಿಸಲು ಯಾವ ಉಪಾಯ ಬೇಕಾಗುತ್ತದೆ ಎನ್ನುವುದೇ ಮುಖ್ಯ. ನಾನು ಹೇಳಿದೆ. ಕಾಮತರು ಕೇಳಲಿಲ್ಲ. ಕೇಳಿಸಿದವರು ಲೋಕಯ್ಯ ಗೌಡರು.

ಲೋಕಯ್ಯ ಗೌಡರು ಬೆಳ್ತಂಗಡಿಯಲ್ಲಿ ಗುಮಾಸ್ತರಾಗಿದ್ದರು. ಒಂದು ದಿನ ರಜೆ ಹಾಕಿ ಬಸ್ಸು ಹತ್ತಿ ಬಂದು, ನಮ್ಮ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದರು. ಸುಡೊಕುವಿನ ಜಾಗದಲ್ಲಿ ಕಾಗದ ತೂತಾಗುವಷ್ಟು ಅಳಿಸಿದ ಗುರುತಿತ್ತು. ಮೇಲೆ "ಸುಲಭ" ಎಂದು ದಪ್ಪಕ್ಷರದಲ್ಲಿತ್ತು.

"ಇದು ಸುಲಭವಾ?"

"ಎಂತ ಆಯ್ತು ಗೌಡ್ರೆ?"

"ನೆರಿಯದಿಂದ ನನ್ನ ಮಾವ ಬಂದಿದ್ದಾರೆ. ಪಕ್ಕದಲ್ಲೇ ಕೂತು ನೋಡಿದ್ರು. ಬೆಳಿಗ್ಗೆ ಶುರು ಮಾಡಿದವ ನಾನು ಮಧ್ಯಾಹ್ನದ ಊಟಕ್ಕೂ ಏಳ್ಲಿಲ್ಲ. ಅವರು ಕನ್ನಡಕ ಹಾಕಿ ಮೇಲಿನ ಅಕ್ಷರ ಓದಿ, ನನ್ನ ಹೆಂಡತಿ ಹತ್ತಿರ ಹೇಳಿದ್ರು, 'ಇದು ಸುಲಭದ್ದಂತೆ ಮಗಾ' ಅಂತ. ಅಷ್ಟೇ ಹೇಳಿದ್ದು. ಆಮೇಲೆ ಅವರು ನನ್ನ ಮುಖ ನೋಡ್ತಾ ಇಲ್ಲ. ನೀವು ತಿದ್ದುಪಡಿ ಹಾಕಬೇಕು."

ಕಾಮತರು ಒಳ್ಳೆಯ ಮನುಷ್ಯ. ಮರುದಿನ ಮೊದಲ ಪುಟದ ಕೆಳಗೆ, ಚೌಕಟ್ಟಿನಲ್ಲಿ, "ಭಾನುವಾರ ಸುಲಭವೆಂದು ಪ್ರಕಟವಾದ ಸುಡೊಕು ವಾಸ್ತವದಲ್ಲಿ ಕಠಿಣವಾಗಿತ್ತು. ಓದುಗರಿಗೂ ಅವರ ಕುಟುಂಬದವರಿಗೂ ಆದ ತೊಂದರೆಗೆ ವಿಷಾದಿಸುತ್ತೇವೆ" ಎಂದು ಹಾಕಿದರು. ಗೌಡರ ಮಾವ ಅದನ್ನು ಓದಿ, ಅಳಿಯನ ತಟ್ಟೆಗೆ ತಾವೇ ಒಂದು ಹೋಳು ಹಲಸಿನ ಹಣ್ಣು ಹಾಕಿದರಂತೆ.

ಸಂಗತಿ ಅಲ್ಲಿಗೆ ಮುಗಿಯಲಿಲ್ಲ. ಮಾವಂದಿರು ಎಲ್ಲರಿಗೂ ಇರುತ್ತಾರೆ. ಮರುದಿನದಿಂದ ತಿದ್ದುಪಡಿ ಬೇಡುವವರು ಮೆಟ್ಟಿಲಲ್ಲಿ ಸಾಲುಗಟ್ಟಿದರು. ಹಳೆಯ ಚೌಕಗಳನ್ನೂ ತಂದರು. ಕಠಿಣವೆಂದು ಹಾಕಿದ್ದನ್ನು ಚಹಾ ಆರುವ ಮೊದಲೇ ಬಿಡಿಸಿದ ಕಾಲೇಜು ಹುಡುಗಿಯೊಬ್ಬಳು, ಅದನ್ನು ಸುಲಭಕ್ಕೆ ಇಳಿಸಬೇಕೆಂದು ಮೂಡುಬಿದಿರೆಯಿಂದ ಬರೆದಳು. ಅವಳ ಹಾಸ್ಟೆಲಿನ ಉಳಿದವರು ಇಳಿಸಬಾರದೆಂದು ಸಹಿ ಹಾಕಿ ಬರೆದರು. ಕಾಮತರು ಸೋತು, "ನೀನೇ ಹಣೆಪಟ್ಟಿ ಹಚ್ಚು. ಯಾಕೆ ಕಷ್ಟ ಅಂತ ಭಾನುವಾರ ಭಾನುವಾರ ಬರೆದು ವಿವರಿಸು ಕೂಡಾ" ಎಂದರು.

ಹೀಗೆ ನಾನು ಉಪಾಯಗಳ ಅಂಕಣ ಬರೆಯತೊಡಗಿದೆ. ಮೊದಲ ತೊಡಕು ಹೆಸರಿನದು. ಒಂದು ಸಾಲಿನ ಎರಡು ಮನೆಗಳಲ್ಲಿ ಒಂದೇ ಜೊತೆ ಅಂಕಿಗಳು, ಉದಾಹರಣೆಗೆ ಮೂರು ಮತ್ತು ಎಂಟು ಮಾತ್ರ ಕೂರಬಹುದಾದರೆ, ಆ ಸಾಲಿನ ಬೇರೆ ಮನೆಗಳಲ್ಲಿ ಮೂರನ್ನೂ ಎಂಟನ್ನೂ ಹುಡುಕಬೇಕಾಗಿಲ್ಲ. ಇಂಗ್ಲಿಷಿನವರು ಇದಕ್ಕೆ ಇಟ್ಟ ಹೆಸರನ್ನು ನಾನು ಇದ್ದ ಹಾಗೆ ಕನ್ನಡಕ್ಕೆ ತಂದು "ಬೆತ್ತಲೆ ಜೋಡಿ" ಎಂದು ಬರೆದಿದ್ದೆ.

ಕಾಮತರು ಪ್ರೂಫ್ ಹಿಡಿದು ಓಡಿಬಂದರು. "ಭಾನುವಾರದ ಪೇಪರಿಗೆ ಬೆತ್ತಲೆ ಜೋಡಿಯಾ? ಮನೆಮಂದಿ ಎಲ್ಲ ಓದುವುದಲ್ವಾ ಮಾರಾಯ!"

"ಇನ್ನೊಂದು ಉಂಟು, ಅಡಗಿದ ಜೋಡಿ ಅಂತ."

"ಅದು ಇನ್ನೂ ಕೆಟ್ಟದ್ದು. ಓಡಿಹೋದವರ ಸುದ್ದಿ ಅಂತ ತಿಳ್ಕೊಳ್ತಾರೆ."

ಕೊನೆಗೆ ಮೊದಲನೆಯದು "ಅಣ್ಣತಮ್ಮ" ಆಯಿತು, ಎರಡನೆಯದು "ದಾಯಾದಿ" ಆಯಿತು. ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಮೀನಿನಿಂದ. ಕಠಿಣದವರಿಗೆ ಅಣ್ಣತಮ್ಮ ಸಾಲದೆ ಹೋದಾಗ ನಾನು ದೊಡ್ಡ ಉಪಾಯಕ್ಕೆ ಕೈಹಾಕಿದೆ. ಮೂರು ಅಡ್ಡಸಾಲುಗಳಲ್ಲಿ ಒಂದು ಅಂಕಿ, ಏಳು ಎನ್ನಿ, ಕೂರಬಲ್ಲ ಮನೆಗಳೆಲ್ಲ ಬರೇ ಮೂರು ಕಂಬಸಾಲುಗಳಲ್ಲಿ ಬಿದ್ದಿದ್ದರೆ, ಆ ಮೂರು ಕಂಬಸಾಲುಗಳ ಉಳಿದ ಮನೆಗಳಿಂದ ಏಳನ್ನು ಹೊಡೆದುಹಾಕಬಹುದು. ಬಲೆ ಎಳೆದ ಹಾಗೆ. ಲೋಕದಲ್ಲೆಲ್ಲ ಇದಕ್ಕೆ ಒಂದು ಮೀನಿನ ಹೆಸರಿದೆ. ನಾನೂ "ಕತ್ತಿಮೀನು ಹಿಡಿಯುವ ವಿಧಾನ" ಎಂದು ತಲೆಬರಹ ಕೊಟ್ಟೆ. ಬಂಟ್ವಾಳದಲ್ಲಿ ಹುಟ್ಟಿ ಬೆಳೆದ ಬ್ಯಾರಿಗೆ ಮೀನಿನ ಹೆಸರಲ್ಲಿ ಏನು ಸಂಶಯ ಬರುತ್ತದೆ?

ಸೋಮವಾರ ಬೆಳಿಗ್ಗೆ ಧಣಿಗಳ ಫೋನು ಬಂತು. ನಮ್ಮ ಪತ್ರಿಕೆಯ ಮಾಲಕರು ಮೂಡುಬಿದಿರೆಯ ಜೈನರು, ಜಿನೇಂದ್ರ ಬಲ್ಲಾಳರು. ಸುದ್ದಿಯ ವಿಷಯದಲ್ಲಿ ಎಂದೂ ತಲೆಹಾಕಿದವರಲ್ಲ.

"ಹಸನಬ್ಬ, ನಾಲ್ಕನೇ ಪುಟದಲ್ಲಿ ಮೀನು ಎಂತಕ್ಕೆ?"

"ಅದು ಮೀನಲ್ಲ ಧಣಿ, ಉಪಾಯದ ಹೆಸರು."

"ಹೆಸರಲ್ಲಿ ಮೀನು ಉಂಟಲ್ಲ?"

"ಉಂಟು."

"ನಮ್ಮ ಅಮ್ಮ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಅದನ್ನೇ ಬಿಡಿಸುವುದು. ನಾಳೆ ಅವರು ಗೊತ್ತಿಲ್ಲದೆ ಮೀನು ಹಿಡಿದ್ರೆ ಯಾರು ಜವಾಬ್ದಾರಿ?"

ಕಾಮತರು ನನ್ನ ಕೈಯಿಂದ ಫೋನು ತೆಗೆದುಕೊಂಡು, ಹೆಸರು ಬದಲಿಸುವ, ಬಲೆ ಅಂತಲೋ ಏಣಿ ಅಂತಲೋ ಹಾಕುವ ಎಂದರು. ಧಣಿಗಳು ಒಪ್ಪಲಿಲ್ಲ. "ಒಳಗೆ ಮೀನು ಇಟ್ಟು ಹೊರಗೆ ಬದನೆ ಅಂತ ಬರೆಯುವುದಾ? ಅದು ಮೋಸ ಆಗ್ತದೆ. ಬಿಸ್ಕತ್ತಿನ ಪೊಟ್ಟಣದಲ್ಲಿ ಇರ್ತದಲ್ಲ ಹಸಿರು ಬೊಟ್ಟು, ಹಾಗೆ ಹಾಕಿ. ಮೀನು ಬೇಕಾಗುವ ಚೌಕಕ್ಕೆ ಕಂದು ಬೊಟ್ಟು."

ನಾಲ್ಕನೇ ಪುಟ ಕಪ್ಪು ಬಿಳುಪಿನದು. ಎರಡು ಬೊಟ್ಟುಗಳೂ ಕಪ್ಪಾಗಿಯೇ ಮೂಡಿದವು. ಆದ್ದರಿಂದ ಬೊಟ್ಟಿನ ಪಕ್ಕದಲ್ಲಿ "ಇದು ಹಸಿರು", "ಇದು ಕಂದು" ಎಂದು ಅಕ್ಷರದಲ್ಲಿ ಬರೆಯಬೇಕಾಯಿತು. ಭೂಮಿಯ ಮೇಲೆ ಇಂಥ ಸುಡೊಕು ಇನ್ನೆಲ್ಲಾದರೂ ಅಚ್ಚಾಗಿದ್ದರೆ ನನಗೆ ತಿಳಿಸಿ.

ಓದುಗರು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಸೋಮವಾರ ಮೀನು ತಿನ್ನದವರು ಸೋಮವಾರ ಹಸಿರೇ ಬೇಕೆಂದರು. ಶನಿವಾರದವರು ಶನಿವಾರ ಕೇಳಿದರು. ಸಂಕ್ರಾಂತಿ, ಏಕಾದಶಿಗಳನ್ನು ನೋಡಲು ನನ್ನ ಮೇಜಿಗೆ ಪಂಚಾಂಗ ಬಂತು. ರಂಜಾನಿನಲ್ಲಿ ನಮ್ಮವರೊಬ್ಬರು ಕಂದು ಬೊಟ್ಟಿನದನ್ನು ಉಪವಾಸ ಬಿಡುವ ಮಗ್‌ರಿಬಿನ ನಂತರ ಬಿಡಿಸಬೇಕೋ ಮೊದಲೂ ಬಿಡಿಸಬಹುದೋ ಎಂದು ಕೇಳಿದರು. ಇನ್ನೊಬ್ಬರು ಕಾಮತರಿಗೇ ಫೋನು ಮಾಡಿ, "ಕಂದು ಬೊಟ್ಟು ಬಿಡಿಸಿದ ಪೆನ್ನಿನಲ್ಲಿ ಹಸಿರು ಬೊಟ್ಟು ಬಿಡಿಸಬಹುದಾ?" ಎಂದರು.

"ತೊಳೆದು ಬಿಡಿಸಿ" ಎಂದು ಕಾಮತರು ಫೋನು ಇಟ್ಟರು.

ಹಸಿರು ಬೊಟ್ಟು ಕೊಡುವುದು ನನಗೆ ದೊಡ್ಡ ಹೊಣೆಯಾಯಿತು. ಮೀನಿನ ಉಪಾಯವಿಲ್ಲದೆ ಚೌಕವನ್ನು ಕೊನೆಯವರೆಗೆ ಬಿಡಿಸಲು ಆಗುತ್ತದೆ ಎಂದು ಖಾತ್ರಿಯಾಗಬೇಕು. ನಾನೇ ಮಾಡಿದ್ದನ್ನು ನಾನೇ ಪರೀಕ್ಷಿಸಿದರೆ ಕಣ್ಣು ಮೋಸ ಮಾಡುತ್ತದೆ. ಹಾಗಾಗಿ ನನ್ನ ಹೆಂಡತಿ ಮೈಮೂನಳಿಗೆ ಕೊಡುತ್ತಿದ್ದೆ. ಅವಳು ಬಂಗುಡೆ ಶುಚಿ ಮಾಡಿ, ಮಸಾಲೆ ಹಚ್ಚಿಟ್ಟು, ಕೈ ಒರೆಸಿಕೊಂಡು ಕೂತು ಬಿಡಿಸಿ, "ಇದರಲ್ಲಿ ಮೀನಿಲ್ಲ, ಕಳಿಸಿ" ಎನ್ನುತ್ತಿದ್ದಳು. ಮೂಡುಬಿದಿರೆಯ ಶುದ್ಧ ಸಸ್ಯಾಹಾರಿ ಸುಡೊಕುಗಳಿಗೆ ಒಪ್ಪಿಗೆ ಬೀಳುತ್ತಿದ್ದುದು ಬಂಗುಡೆಯ ವಾಸನೆಯ ಆ ಅಡುಗೆಮನೆಯಲ್ಲಿ.

ಆದರೂ ಒಂದು ಸೋಮವಾರ ಅನಾಹುತವಾಯಿತು. ಪುಟ ಕಟ್ಟುವಾಗ ಎರಡು ಚೌಕಗಳು ಅದಲುಬದಲಾದವು. ಹಸಿರು ಬೊಟ್ಟಿನ ಕೆಳಗೆ ಕತ್ತಿಮೀನು ಹೋಯಿತು. ಅದನ್ನು ಕಂಡುಹಿಡಿದವರು ಲೋಕಯ್ಯ ಗೌಡರು. ಅಷ್ಟರಲ್ಲಿ ಅವರು ಪಳಗಿದ್ದರು. ಮೀನು ಕಂಡದ್ದೇ ತಡ, ನಮಗೆ ಹೇಳುವ ಬದಲು ನೇರ ಧಣಿಗಳ ಮನೆಗೆ ಫೋನು ಮಾಡಿ, "ನಿಮ್ಮ ಹಸಿರು ಬೊಟ್ಟಿನಲ್ಲಿ ಮೀನು ಸಿಕ್ಕಿದೆ" ಎಂದು ವರದಿ ಒಪ್ಪಿಸಿದರು. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಕಂಡುಹಿಡಿದ ಸಂತೋಷ ತಡೆಯಲಾಗಲಿಲ್ಲ, ಅಷ್ಟೆ.

ಧಣಿಗಳ ಸ್ವರ ಆ ದಿನ ಬಹಳ ತಣ್ಣಗಿತ್ತು. "ಅಮ್ಮ ಬೆಳಿಗ್ಗೆಯೇ ಅದನ್ನು ಮುಗಿಸಿದ್ದಾರೆ ಹಸನಬ್ಬ. ನಾನು ಅವರಿಗೆ ಎಂತದೂ ಹೇಳಿಲ್ಲ. ನೀವೇ ಬಂದು ಹೇಳಿ. ಅವರು ಹೇಳಿದ ಹಾಗೆ ಮುಂದಿನದ್ದು."

ಕಾಮತರು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಪುಟ ಕಟ್ಟಿದ್ದು ನೀನಲ್ಲ ಅಂತ ನಾನು ಹೇಳ್ತೇನೆ. ಆದ್ರೆ ಬೊಟ್ಟಿನ ಜವಾಬ್ದಾರಿ ನಿನ್ನದು ಅಂತ ಅವರು ಹೇಳ್ತಾರೆ. ಹೋಗಿ ಬಾ." ಅವರ ಮಾತಿನಲ್ಲಿ ಧೈರ್ಯ ಕಾಣಲಿಲ್ಲ. ನನ್ನ ಮಗಳಿಗೆ ಆಗಷ್ಟೇ ನಿಕಾಹ್ ಗೊತ್ತಾಗಿತ್ತು. ಹುಡುಗನ ಕಡೆಯವರು ನನ್ನ ಉದ್ಯೋಗ ಕೇಳಿದಾಗ, ಪತ್ರಿಕೆಯಲ್ಲಿ ಇದ್ದೇನೆ ಎಂದು ಗತ್ತಿನಿಂದ ಹೇಳಿದ್ದೆ. ಯಾಕೆ ಕೆಲಸದಿಂದ ಬಿಡಿಸಿದರು ಎಂದು ಅವರು ಕೇಳಿದರೆ, ಜೈನರ ಮನೆಯ ಹಿರಿಯರಿಂದ ಗೊತ್ತಿಲ್ಲದೆ ಮೀನು ಹಿಡಿಸಿದೆ ಎನ್ನಲೇ? ಮೂಡುಬಿದಿರೆಯ ಬಸ್ಸಿನಲ್ಲಿ ಕೂತು ಕ್ಷಮೆಯ ಮಾತನ್ನು ಎಷ್ಟು ಬಗೆಯಲ್ಲಿ ಜೋಡಿಸಿದರೂ ಕೊನೆಗೆ ನಗು ಬರುವಂತೆಯೇ ಇರುತ್ತಿತ್ತು. ನನಗೆ ಮಾತ್ರ ನಗು ಬರಲಿಲ್ಲ.

ಬಸದಿಯ ಬೀದಿಯಲ್ಲಿ ಅವರ ಮನೆ. ರತ್ನಾವತಿ ಅಮ್ಮ ಜಗಲಿಯಲ್ಲಿ ಚಾಪೆ ಹಾಸಿ ಕೂತಿದ್ದರು. ಎದುರಿಗೆ ಪತ್ರಿಕೆ, ಪಕ್ಕದಲ್ಲಿ ಚೆನ್ನೆಮಣೆಯ ಕೆಂಪು ಕಾಯಿಗಳು. ಅಂಕಿ ಕೂರದ ಮನೆಯ ಮೇಲೆ ಒಂದೊಂದು ಕಾಯಿ ಇಟ್ಟು ಬಿಡಿಸುವುದು ಅವರ ಕ್ರಮ. ಧಣಿಗಳು ಕಂಬಕ್ಕೆ ಒರಗಿ ನಿಂತಿದ್ದರು. ನಾನು ಕೈ ಮುಗಿದು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮಗನ ಕಡೆ ತಿರುಗಿದರು.

"ದೂರದಿಂದ ಬಂದಿದ್ದಾರೆ. ಎಳನೀರು ತೆಗೆಸಿಕೊಂಡು ಬಾ. ನೀನೇ ನಿಂತು ತೆಗೆಸು."

ಮಗ ಹಿತ್ತಲಿಗೆ ಇಳಿದ ಮೇಲೆ ಅವರು ಸ್ವರ ತಗ್ಗಿಸಿದರು.

"ಹಸನಬ್ಬರೇ, ಇದು ಮೂರು ಸಾಲಿನದ್ದಲ್ವಾ?"

"ಹೌದು ಅಮ್ಮ. ತಪ್ಪಾಯ್ತು. ಪುಟ ಕಟ್ಟುವಾಗ..."

"ಎಷ್ಟು ಸಮಯ ಆಗಿತ್ತು ಇಂಥದ್ದು ಸಿಗದೆ! ಏಳನ್ನು ಹಿಡಿದ ಮೇಲೆಯೇ ನಾನು ತಿಂಡಿಗೆ ಎದ್ದದ್ದು."

ಅವರು ಚಾಪೆಯ ಕೆಳಗಿನಿಂದ ಹಳೆಯ ಪತ್ರಿಕೆಯೊಂದನ್ನು ಎಳೆದರು. ನಾಲ್ಕನೇ ಪುಟದಲ್ಲಿ ಸುಡೊಕು ಇರಬೇಕಾದ ಜಾಗದಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿದ ಕಿಟಕಿಯಿತ್ತು.

"ಕಂದು ಬೊಟ್ಟಿನ ದಿನ ಮಗ ಹೀಗೆ ಮಾಡಿ ಕೊಡ್ತಾನೆ. ಹಿಂದಿನ ಪುಟದಲ್ಲಿ ತೀರಿಕೊಂಡವರ ಸುದ್ದಿ ಇರ್ತದೆ. ಅರ್ಧ ಹೋಗಿ ಯಾರು ತೀರಿಕೊಂಡದ್ದು ಅಂತ ಗೊತ್ತಾಗುವುದಿಲ್ಲ. ಮೊನ್ನೆ ಒಬ್ಬರ ಉತ್ತರಕ್ರಿಯೆಯ ಬೊಜ್ಜ ಯಾವ ದಿನ ಅಂತ ಮಾತ್ರ ಇತ್ತು, ಹೆಸರಿಲ್ಲ."

"ಆದ್ರೆ ಅಮ್ಮ, ಮೀನು ಬೇಡ ಅಂದದ್ದು ನೀವಲ್ವಾ?"

"ನಾನು ಯಾವಾಗ ಅಂದೆ? ಕಾಗದದ ಮೀನು ಸಾಯ್ತದಾ ಹಸನಬ್ಬರೇ?"

"ಇಲ್ಲ ಅಮ್ಮ."

"ಮತ್ತೆ ಎಂತ ಹಿಂಸೆ? ನಿಮ್ಮ ಹಸಿರು ಬೊಟ್ಟಿನದ್ದು ಉಂಟಲ್ಲ, ದಿನಾ ಅದನ್ನೇ ಬಿಡಿಸುವುದು, ಅದು ನನಗೆ ಹಿಂಸೆ."

ಮಗನಿಗೆ ಹೇಳಬಹುದಲ್ಲ ಎಂದೆ. ಅವರು ಹಿತ್ತಲ ಕಡೆ ನೋಡಿದರು. ಅಲ್ಲಿ ಧಣಿಗಳು ಪಂಚೆ ಎತ್ತಿಕಟ್ಟಿ, ಮರದ ಬುಡದಲ್ಲಿ ನಿಂತು, ಬೊಂಡ ಎಳೆಯದೋ ಬಲಿತದ್ದೋ ಎಂದು ಬೆರಳಿನಿಂದ ಬಡಿದು ನೋಡುತ್ತಿದ್ದರು.

"ನನಗೋಸ್ಕರ ಒಂದು ಇಡೀ ಪೇಪರಿಗೆ ಬೊಟ್ಟು ಹಾಕಿಸಿದ್ದಾನೆ. ಬೇಡ ಅಂದ್ರೆ ಅವನಿಗೆ ಬೇಸರ ಆಗ್ತದೆ. ಅವನ ಅಪ್ಪ ಹೋದ ಮೇಲೆ ನನ್ನನ್ನು ನೋಡಿಕೊಳ್ಳುವ ಕ್ರಮ ಅವನದ್ದು ಹೀಗೇ." ಆಮೇಲೆ ನನ್ನ ಕಡೆ ಬಾಗಿ, "ನಾಲ್ಕು ಸಾಲಿನದ್ದು ಕೂಡಾ ಉಂಟಾ?" ಎಂದರು.

"ಉಂಟು ಅಮ್ಮ. ಅದಕ್ಕೆ ಲೋಳೆಮೀನು ಅಂತಾರೆ."

"ಪಾಪ. ಅದನ್ನೂ ತನ್ನಿ."

ಎಳನೀರು ಬಂತು. ಅಮ್ಮ ಮುಖ ಗಂಟುಹಾಕಿ ತೀರ್ಪು ಕೊಟ್ಟರು. "ಈ ಸಲ ಆದದ್ದು ಆಯ್ತು. ಆದ್ರೆ ನನಗೆ ಇನ್ನು ಪೇಪರಿನ ಮೇಲೆ ವಿಶ್ವಾಸ ಇಲ್ಲ. ಇವರು ವಾರಕ್ಕೊಮ್ಮೆ ಇಲ್ಲಿಗೆ ಬಂದು, ಹಸಿರು ಬೊಟ್ಟಿನದ್ದನ್ನೆಲ್ಲ ನನಗೆ ತೋರಿಸಿ, ಮತ್ತೆ ಅಚ್ಚಿಗೆ ಕೊಡ್ಲಿ." ಧಣಿಗಳು ತಲೆಯಾಡಿಸಿದರು. ಇಷ್ಟು ಕಠಿಣ ಶಿಕ್ಷೆ ಸಾಕು ಎಂದು ಅವರಿಗೂ ಅನ್ನಿಸಿರಬೇಕು, ನನಗೆ ಇನ್ನೊಂದು ಎಳನೀರು ಕೊಡಿಸಿದರು.

ಅಂದಿನಿಂದ ನಿವೃತ್ತನಾಗುವವರೆಗೆ ವಾರವಾರ ಮೂಡುಬಿದಿರೆಗೆ ಹೋದೆ. ಎದುರಿಗೆ ಹಸಿರು ಬೊಟ್ಟಿನ ಹಾಳೆಗಳು, ಅವುಗಳ ಅಡಿಯಲ್ಲಿ ಮೀನು. ಅವರ ಕಣ್ಣು ಮಂಜಾಗುತ್ತ ಬಂದ ಹಾಗೆ ಚೌಕವನ್ನು ದೊಡ್ಡದಾಗಿ ಗೀಟೆಳೆದು ಒಯ್ಯತೊಡಗಿದೆ. ನಾನು ಎಷ್ಟು ಹೆಣೆದು ಬಚ್ಚಿಟ್ಟರೂ ಅವರ ಬೆರಳು ಕೆಂಪು ಕಾಯಿಗಳನ್ನು ಸರಿಸುತ್ತಾ ಸರಿಸುತ್ತಾ ಒಂದು ಕಡೆ ನಿಲ್ಲುತ್ತಿತ್ತು. ಮೊದಲು ಬಾಗಿಲ ಕಡೆ ನೋಡುವರು. ಆಮೇಲೆ ಪಿಸುಮಾತಿನಲ್ಲಿ "ಸಿಕ್ಕಿತು" ಎನ್ನುವರು. ಬಡ್ತಿ ಸಿಕ್ಕಿದಾಗಲೂ ನನಗೆ ಅಷ್ಟು ಖುಷಿಯಾದದ್ದಿಲ್ಲ. ಕಠಿಣ ಎನ್ನುವುದು ಬೆದರಿಸಲಿಕ್ಕೆ ಇರುವ ಹಣೆಪಟ್ಟಿ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅದಕ್ಕಾಗಿ ವಾರವಿಡೀ ಕಾಯುವವರಿದ್ದಾರೆ ಎಂದು ಆ ಜಗಲಿಯಲ್ಲಿ ತಿಳಿಯಿತು.

ನನ್ನ ಬೀಳ್ಕೊಡುಗೆಯನ್ನು ಮೂಡುಬಿದಿರೆಯಲ್ಲೇ ಇಟ್ಟರು. ಧಣಿಗಳು ಮೈಕು ಹಿಡಿದು ಬಹಳ ಒಳ್ಳೆಯ ಮಾತು ಹೇಳಿದರು. ಹಸನಬ್ಬರು ಬೇರೆ ಮತದವರಾದರೂ ನಮ್ಮ ಮನೆಯ ಆಚಾರಕ್ಕೆ ಕುಂದು ಬರದಂತೆ ನೋಡಿಕೊಂಡರು, ನನ್ನ ತಾಯಿ ಇಷ್ಟು ವರ್ಷ ಒಂದೇ ಒಂದು ಮೀನನ್ನು ಮುಟ್ಟದೆ ಸುಡೊಕು ಬಿಡಿಸಿದರು ಎಂದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದರು. ಆಗ ಅವರಿಗೆ ಕಿವಿಯೂ ಮಂದವಾಗಿತ್ತು. ತಾವು ಮೆಲ್ಲಗೆ ಮಾತಾಡುತ್ತಿದ್ದೇವೆ ಎಂದುಕೊಂಡು, ಚಪ್ಪಾಳೆ ನಿಂತ ಹೊತ್ತಿಗೆ ಸರಿಯಾಗಿ, ಇಡೀ ಸಭೆಗೆ ಕೇಳುವಂತೆ ಹೇಳಿದರು:

"ಹಸನಬ್ಬರೇ, ಇನ್ನು ನನಗೆ ಮೀನು ಯಾರು ತಂದು ಕೊಡ್ತಾರೆ?"

ಕಾಮತರಿಗೆ ಕೆಮ್ಮು ಹತ್ತಿತು. ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಧಣಿಗಳು ಮೈಕನ್ನು ಕೆಳಗಿಳಿಸಿ ತಾಯಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿತ್ತೋ ಏನಿತ್ತೋ ತಿಳಿಯಲಿಲ್ಲ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ತಾಯಿಯನ್ನು ಕರೆದುಕೊಂಡು ಕಾರು ಹತ್ತಿದರು. ಮನೆಗೆ ಬಂದು ಮೈಮೂನಳಿಗೆ ಹೇಳಿದೆ, ಇಷ್ಟು ವರ್ಷದ ಋಣ ಮುಗಿಯಿತು ಎಂದು.

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಅವರ ಕಾರು ನಿಂತಿತು. ಧಣಿಗಳು ಒಬ್ಬರೇ ಇಳಿದರು. ಚಾವಡಿಗೆ ಬಂದರೂ ಕೂರಲಿಲ್ಲ. ಆಚೀಚೆ ನೋಡಿದರು. ಮೈಮೂನ ಶರಬತ್ತು ತರಲು ಒಳಗೆ ಹೋಗುವವರೆಗೆ ಕಾದರು. ಆಮೇಲೆ ಬಹಳ ಸಂಕೋಚದಿಂದ, ನನ್ನ ಕಿವಿಯ ಹತ್ತಿರ ಬಂದು ಕೇಳಿದರು.

"ಹಸನಬ್ಬರೇ, ಉಂಟಾ?"

"ಉಂಟು ಧಣಿ. ಎಷ್ಟು ಸಾಲಿನದ್ದು ಬೇಕು?"

"ದೊಡ್ಡದೇ ಕೊಡಿ" ಎಂದರು. "ಅಮ್ಮ ಕಾಯ್ತಾ ಇದ್ದಾರೆ."